ಬದನೆಕಾಯಿಯ ಪಥ್ಯ

ಹರಿಹರದ ಸ್ಟೇಷನ್ ಹಿಂದಿನ ಓಣಿಯಲ್ಲಿ ಅಂಜಿನವ್ವನನ್ನು ಎಲ್ಲರೂ ‘ದವಾಖಾನಿ ಅಂಜಿನವ್ವ’ ಎಂದೇ ಕರೆಯುತ್ತಿದ್ದರು. ಅವಳು ನರ್ಸಲ್ಲ. ದಾವಣಗೆರೆಯ ಎದೆರೋಗದ ದವಾಖಾನೆಗೆ ಆಯಾ ಆಗಿ ಸೇರಿದವಳು. ನಾಲ್ಕಕ್ಷರ ಓದಲು ಬರುತ್ತದೆ, ಮಾತಿಗೆ ನಿಂತರೆ ಎಂಥವರನ್ನೂ ಒಪ್ಪಿಸುತ್ತಾಳೆ ಎಂಬುದು ಗೊತ್ತಾದ ಮೇಲೆ ಅವಳ ಕೈಯಿಂದ ಕಸಬರಿಗೆ ಬಿಡಿಸಿ, ಹೆಗಲಿಗೊಂದು ಖಾಕಿ ಚೀಲ ಹಾಕಿ, ರೋಗಿಗಳ ಮನೆಮನೆಗೆ ಕಳಿಸತೊಡಗಿದರು. ಬೆಳಗಿನ ರೈಲಿಗೆ ದಾವಣಗೆರೆಗೆ ಹೋಗುವಳು, ಸಂಜೆಯ ರೈಲಿಗೆ ಮರಳುವಳು. ಡಬ್ಬಿಯಲ್ಲಿ ಯಾರಾದರೂ ಕೆಮ್ಮಿ ಉಗುಳಿದರೆ ಮುಗಿಯಿತು, ಮುಂದಿನ ಸ್ಟೇಷನ್ ಬರುವವರೆಗೆ ಅವರ ಜನ್ಮ ಜಾಲಾಡುತ್ತಿದ್ದಳು. ಅವಳಿಗೆ ಹೆದರಿ ಉಗುಳು ನುಂಗಿಕೊಂಡು ಕೂತ ಮಿಲ್ಲಿನ ಗಂಡಸರನ್ನು ನೋಡುವುದೇ ಒಂದು ತಮಾಷೆ.

ಆದರೆ ಈ ಸಿಟ್ಟು ಬರೀ ನಾಲಿಗೆಯದಲ್ಲ. ಅವಳ ಗಂಡ ಹುಲಿಯಪ್ಪ ನಂದಿಗುಡಿಯಲ್ಲಿ ಗದ್ದೆ ಮಾಡಿಕೊಂಡಿದ್ದವನು. ಮದುವೆಯಾಗಿ ಕೆಲವು ವರ್ಷಕ್ಕೇ ಅವನಿಗೆ ಕೆಮ್ಮು ಹತ್ತಿತು. ಆಗಿನ್ನೂ ಈ ರೋಗಕ್ಕೆ ಮಾತ್ರೆ ಬಂದಿರಲಿಲ್ಲ, ಬಂದಿದ್ದರೂ ನಂದಿಗುಡಿಯವರೆಗೆ ಬಂದಿರಲಿಲ್ಲ. ಇದ್ದದ್ದು ಬೇರು, ನಾರು, ಕಷಾಯ, ಮತ್ತು ಪಥ್ಯ. ಉಪ್ಪು ಬಿಡು, ಹುಳಿ ಬಿಡು, ಖಾರ ಬಿಡು, ಎಣ್ಣೆ ಬಿಡು. ಉಳಿದದ್ದು ಸಪ್ಪೆ ಗಂಜಿ. ಒಂದು ದಿನ ಎದುರುಮನೆಯ ಒಗ್ಗರಣೆಯ ವಾಸನೆಗೆ ಹುಲಿಯಪ್ಪ ಎದ್ದು ಕೂತು, ಒಂದು ರೊಟ್ಟಿ, ಒಂದಿಷ್ಟು ಕೆಂಪು ಚಟ್ನಿ ಕೊಡೇ ಎಂದು ಮಗುವಿನಂತೆ ಕೇಳಿದ. ಅಂಜಿನವ್ವ ಕೊಡಲಿಲ್ಲ. ಪಥ್ಯ ಮುರಿದರೆ ಗಂಡ ಕೈಬಿಟ್ಟು ಹೋಗುತ್ತಾನೆಂಬ ಭಯ ಅವಳಿಗೆ. ಅವನು ಪಥ್ಯ ಮುರಿಯದೆಯೇ ಸತ್ತ. ಆ ರೊಟ್ಟಿಯೊಂದು ಅವಳ ಎದೆಯಲ್ಲಿ ಉಳಿದುಕೊಂಡಿತು.

ಸಾವಿರದ ಒಂಬೈನೂರ ಅರವತ್ತೊಂದರ ಸುಮಾರಿಗೆ ದವಾಖಾನೆಗೆ ಹಿದಾಯತ್ ಎಂಬ ಹೊಸ ಡಾಕ್ಟರು ಬಂದರು. ಇನ್ನೂ ಎಳೆ ವಯಸ್ಸು. ಮದರಾಸಿನಲ್ಲಿ ತರಬೇತಿ ಮುಗಿಸಿ ಬಂದವರು. ಅವರು ಬಂದ ವಾರದಲ್ಲೇ ಎಲ್ಲರನ್ನೂ ಕೂಡಿಸಿಕೊಂಡು ಹೊಸದೊಂದು ಮಾತು ಹೇಳಿದರು. ಅಲ್ಲಿ ಪ್ರಯೋಗ ಮಾಡಿ ನೋಡಿದ್ದಾರೆ: ಕೆಲವು ಕ್ಷಯರೋಗಿಗಳನ್ನು ಆಸ್ಪತ್ರೆಯಲ್ಲಿ ಮಲಗಿಸಿ, ಒಳ್ಳೆಯ ಊಟ ಹಾಕಿ ನೋಡಿಕೊಂಡರು. ಉಳಿದವರು ತಮ್ಮ ತಮ್ಮ ಗುಡಿಸಲಲ್ಲೇ ಇದ್ದು, ಮನೆಯಲ್ಲಿ ಇದ್ದಬದ್ದದ್ದನ್ನು ಉಂಡು, ಅದೇ ಮಾತ್ರೆ ನುಂಗಿದರು. ವರ್ಷ ಕಳೆದು ನೋಡಿದರೆ ಇವರೂ ಅವರಷ್ಟೇ ಗುಣವಾಗಿದ್ದರು.

“ಗುಣ ಮಾಡೋದು ಮಾತ್ರೆ. ಹಾಸಿಗೆ ಅಲ್ಲ, ಬೆಟ್ಟದ ಗಾಳಿ ಅಲ್ಲ, ಪಥ್ಯ ಅಲ್ಲ. ಒಂದು ವರ್ಷ ಬಿಡದೆ ನುಂಗಬೇಕು, ಅಷ್ಟೆ. ನಡುವೆ ಬಿಟ್ಟರೆ ಮಾತ್ರ ಕಷ್ಟ. ಕ್ರಿಮಿಗಳು ಮಾತ್ರೆಗೆ ಪಳಗಿಬಿಡ್ತವೆ, ಆಮೇಲೆ ಯಾವ ಮದ್ದೂ ನಾಟೋದಿಲ್ಲ,” ಎಂದರು ಡಾಕ್ಟರು.

ಪಥ್ಯ ಅಲ್ಲ. ಆ ಎರಡು ಮಾತು ಅಂಜಿನವ್ವನ ಕಿವಿಯಲ್ಲೇ ಉಳಿದವು. ಸಂಜೆ ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ರೊಟ್ಟಿ ಕೊಟ್ಟಿದ್ದರೂ ಆಗುತ್ತಿತ್ತಲ್ಲ ಎಂದು ಅತ್ತಳು. ಅವತ್ತು ಯಾರೋ ಡಬ್ಬಿಯಲ್ಲೇ ಉಗುಳಿದರು. ಅವಳಿಗೆ ಅದು ಕಾಣಲೂ ಇಲ್ಲ.

ಮಾತ್ರೆ ಬಂದವು, ರೋಗಿಗಳೂ ಬಂದರು. ಆದರೆ ಬಂದವರು ಹೆಚ್ಚು ದಿನ ನಿಲ್ಲಲಿಲ್ಲ. ಮೊದಲ ಹದಿನೈದು ದಿನದ ಮಾತ್ರೆ ಒಯ್ದವರು ಎರಡನೆಯ ಸಲಕ್ಕೆ ಪತ್ತೆಯಿಲ್ಲ. ಡಾಕ್ಟರು ತಲೆ ಕೆರೆದುಕೊಂಡರು. ಹೋಗಿ ನೋಡಿಕೊಂಡು ಬಾ ಎಂದು ಅಂಜಿನವ್ವನನ್ನು ಕಳಿಸಿದರು. ಅವಳು ಮೊದಲು ಹೋದದ್ದು ತನ್ನದೇ ಓಣಿಯ ಗೋಣೆಪ್ಪನ ಮನೆಗೆ.

ಗೋಣೆಪ್ಪ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದ ಮೂವತ್ತರ ಆಳು. ಹೆಂಡತಿ ರಂಗವ್ವ, ಹಂಪವ್ವ ಎಂಬ ಒಬ್ಬಳೇ ಮಗಳು. ಅಂಜಿನವ್ವ ಹೋಗಿ ನೋಡಿದರೆ ಮನೆಯ ಮುಂದೆ ಚಪ್ಪಲಿಗಳ ರಾಶಿ. ಊರುಗಳಿಂದ ನೆಂಟರು ಬಂದಿದ್ದರು. ನಡುಮನೆಯಲ್ಲಿ ಗೋಣೆಪ್ಪ ಗೋಡೆಗೆ ಒರಗಿದ್ದ. ಅವನ ಮುಂದೆ ಹೋಳಿಗೆ, ತುಪ್ಪ, ಕರಿಗಡುಬು. ತನ್ನ ತಿಥಿಯ ಊಟಕ್ಕೆ ತಾನೇ ಕೂತವನ ಹಾಗೆ ತಟ್ಟೆ ನೋಡುತ್ತ ಕೂತಿದ್ದ. ಮೂಲೆಯಲ್ಲಿ ಅವನ ಮುದುಕಿ ಅತ್ತೆ ಮೂಗು ಸೀಟುತ್ತಿದ್ದಳು. ದವಾಖಾನೆಯ ಮಾತ್ರೆ ಗೋಡೆಯ ಮಾಡದಲ್ಲಿ, ಕೊಟ್ಟಾಗ ಇದ್ದಷ್ಟೇ ಇದ್ದವು.

“ಏನಾತು ರಂಗವ್ವ? ಇವೆಲ್ಲ ಏನು?”

“ಆಗೋದೇನೈತೆ ಅಕ್ಕ. ಡಾಕ್ಟ್ರು ಕೈ ಬಿಟ್ರು,” ಎಂದಳು ರಂಗವ್ವ.

“ಕೈ ಬಿಟ್ರು ಅಂತ ಯಾರಂದ್ರು ನಿಂಗೆ?”

“ಅವ್ರ ಬಾಯಲ್ಲೇ ಬಂತಲ್ರಿ. ಪಥ್ಯ ಏನು ಸಾಹೇಬ್ರ ಅಂತ ಕೇಳ್ದೆ. ಪಥ್ಯ ಏನಿಲ್ಲ, ಏನ್ ಬೇಕಾದ್ರೂ ತಿನ್ಲಿ, ಆಸೆಪಟ್ಟಿದ್ದು ಮಾಡ್ಕೊಡ್ರಿ ಅಂದ್ರು. ನಮ್ಮ ಮಾವನ ಕೊನೆಗಾಲಕ್ಕೂ ಊರಿನ ವೈದ್ಯರು ಹಿಂಗೇ ಅಂದಿದ್ರು. ಆ ವಾರ ದಾಟ್ಲಿಲ್ಲ.”

ಅಂಜಿನವ್ವನಿಗೆ ಮೊದಲು ನಗು ಬಂತು. ಹೌದಲ್ಲ. ಈ ಸೀಮೆಯಲ್ಲಿ ವೈದ್ಯನಾದವನು ‘ಬೇಕಾದ್ದು ತಿನ್ನಲಿ’ ಎನ್ನುವುದು ಯಾವಾಗ? ರೋಗಿ ಬದುಕುವ ಆಸೆಗೆ ಎಳ್ಳುನೀರು ಬಿಟ್ಟಾದ ಮೇಲೆ. ಪಥ್ಯ ಹೇಳಿದನೆಂದರೆ ಬದುಕುತ್ತಾನೆಂದು ಅರ್ಥ. ಮದರಾಸಿನ ಡಾಕ್ಟರುಗಳು ವರ್ಷಗಟ್ಟಲೆ ಕೂತು ಕಂಡುಹಿಡಿದ ಸಿಹಿಸುದ್ದಿ ಹರಿಹರದ ಓಣಿಗೆ ಬರುವ ಹೊತ್ತಿಗೆ ಸಾವಿನ ಸುದ್ದಿಯಾಗಿತ್ತು.

ಅವಳು ಕೂತು ಬಿಡಿಸಿ ಹೇಳಿದಳು. ಪ್ರಯೋಗ ಮಾಡಿದ್ದು, ಅಷ್ಟು ಜನ ಗುಣವಾದದ್ದು, ಮಾತ್ರೆಯ ಶಕ್ತಿ, ಎಲ್ಲ ಹೇಳಿದಳು. ನೆಂಟರು ಪುರಾಣ ಕೇಳುವವರ ಹಾಗೆ ಭಕ್ತಿಯಿಂದ ತಲೆದೂಗಿದರು. ಅವಳು ಮುಗಿಸಿದ ಮೇಲೆ ಮುದುಕಿ ಮತ್ತೆ ಮೂಗು ಸೀಟತೊಡಗಿದಳು. ಗೋಣೆಪ್ಪ ಗೋಡೆಯ ಕಡೆ ತಿರುಗಿ ಮಲಗಿದ.

ಅಂಜಿನವ್ವನ ತಾಳ್ಮೆ ಅಲ್ಲಿಗೆ ಮುಗಿಯಿತು. ಬದುಕುವ ಮನುಷ್ಯ ಕಣ್ಣೆದುರೇ ಸಾಯಲು ಸಿದ್ಧನಾಗಿ ಮಲಗಿದ್ದಾನೆ, ಮಾರುದೂರದಲ್ಲಿ ಮದ್ದಿದೆ, ನಡುವೆ ಒಂದು ಮಾತು ಅಡ್ಡ ಬಿದ್ದಿದೆ. ಅವಳು ಗಂಟಲು ಸರಿಮಾಡಿಕೊಂಡಳು.

“ನೋಡವ್ವ, ಡಾಕ್ಟ್ರು ಅವತ್ತು ಹೇಳೋದು ಮರ್ತಿದ್ರು. ಅದನ್ನ ಹೇಳಿ ಬಾ ಅಂತ್ಲೇ ನನ್ನ ಕಳಿಸ್ಯಾರ. ಈ ಮಾತ್ರೆಗೆ ಪಥ್ಯ ಐತೆ.”

ನೆಂಟರೆಲ್ಲ ಅವಳ ಕಡೆ ತಿರುಗಿದರು. ಮುದುಕಿಯ ಮೂಗು ಕೂಡ ನಿಂತಿತು.

“ಏನ್ರಿ ಪಥ್ಯ?” ಎಂದಳು ರಂಗವ್ವ.

ಅಂಜಿನವ್ವ ಇನ್ನೂ ಯೋಚಿಸಿರಲಿಲ್ಲ. ಹಾಲು, ತುಪ್ಪ, ಬೆಲ್ಲ, ಬೇಳೆ, ಬಾಡು ಯಾವುದನ್ನೂ ಬಿಡಿಸುವ ಹಾಗಿಲ್ಲ. ಮೊದಲೇ ಸೊರಗಿದ ಮೈ. ಉಪ್ಪು ಖಾರ ಬಿಡಿಸುವ ಮಾತನ್ನು ಸತ್ತರೂ ಅವಳು ಆಡುವವಳಲ್ಲ. ಮೂಲೆಯ ಬುಟ್ಟಿಯಲ್ಲಿ ನಾಲ್ಕು ಬದನೆಕಾಯಿ ಕಂಡವು. ಅದರಲ್ಲಿ ಯಾವ ಸತ್ವ ಇದೆ, ಬಿಟ್ಟರೆ ಯಾರ ಗಂಟು ಹೋಗುತ್ತದೆ ಎನಿಸಿತು.

“ಬದನೆಕಾಯಿ. ಬದನೆಕಾಯಿ ಒಂದು ಮುಟ್ಟಂಗಿಲ್ಲ.”

ಗೋಣೆಪ್ಪ ಹೊರಳಿ ನೋಡಿದ. “ಮುಟ್ಟಿದ್ರ ಏನಾಗತೈತೆ ಅಕ್ಕ?” ಎಂದು ಕೇಳಿದ. ಅವನು ಬಾಯಿ ಬಿಟ್ಟದ್ದೇ ಮೊದಲು.

ಅವಳು ಸುಮ್ಮನೆ ‘ಒಳ್ಳೇದಲ್ಲ’ ಎಂದಿದ್ದರೆ ಸಾಕಿತ್ತು. ಆದರೆ ಅವನ ಕಣ್ಣಲ್ಲಿ ಜೀವ ಬಂದದ್ದನ್ನು ಕಂಡು ಅವಳಿಗೆ ಹುರುಪು ಬಂದಿತ್ತು. “ಮದ್ದು ಒಳಗೇ ತಿರುಗಿ ಬೀಳತೈತೆ. ವಿಷ ಆಕ್ಕೈತೆ. ಹುಷಾರಾಗಿರು,” ಎಂದುಬಿಟ್ಟಳು.

“ಪಥ್ಯ ಹೇಳ್ಯಾರಂದ್ರ ಬದುಕ್ತಾನ ಬಿಡ್ರಿ,” ಎಂದಳು ಮುದುಕಿ, ಕಣ್ಣೊರೆಸಿಕೊಂಡು. ಅವಳು ಅಳುವುದನ್ನು ಬಿಟ್ಟು ಹೋಳಿಗೆಯ ಕಡೆ ಕೈ ಹಾಕಿದಳು. ರಂಗವ್ವ ಬದನೆಕಾಯಿಯ ಬುಟ್ಟಿಯನ್ನು ಎತ್ತಿ ಪಕ್ಕದ ಮನೆಯ ದ್ರಾಕ್ಷಾಯಣಮ್ಮನಿಗೆ ಕೊಟ್ಟು ಬಂದಳು. ಬಂದವಳೇ ಮಾಡದಿಂದ ಮಾತ್ರೆ ತೆಗೆದು ನೀರಿನ ಚೊಂಬು ಹಿಡಿದು ಗಂಡನ ಮುಂದೆ ಕೂತಳು.

ಗೋಣೆಪ್ಪ ಚೇತರಿಸಿಕೊಂಡ. ಜ್ವರ ಬಿಟ್ಟಿತು, ಕೆಮ್ಮು ಇಳಿಯಿತು, ಕೆನ್ನೆ ತುಂಬಿಕೊಂಡವು. ದಸರೆಯ ಹೊತ್ತಿಗೆ ಮಿಲ್ಲಿನ ಹಗುರ ಕೆಲಸಕ್ಕೂ ಹೋಗತೊಡಗಿದ. ಅಂಜಿನವ್ವನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅವಳು ಮಾತ್ರೆ ಬಿಟ್ಟವರ ಮನೆಗೆಲ್ಲ ಹೋಗಿ ಅದೇ ಪಥ್ಯ ಹಂಚಿದಳು. ಎಲ್ಲ ಕಡೆಯೂ ಅದೇ ಪವಾಡ. ಸ್ಟೇಷನ್ ಹಿಂದಿನ ಓಣಿಗೆ ಬಂದ ಕಾಯಿಪಲ್ಲೆಯವನು ಬದನೆಕಾಯಿ ಎಂದು ಕೂಗುವುದನ್ನೇ ಬಿಟ್ಟ. ರೋಗಿಗಳು ತಪ್ಪದೆ ಬರುತ್ತಿರುವುದನ್ನು ಕಂಡು ಹಿದಾಯತ್ ಡಾಕ್ಟರು, “ಏನು ಮಂತ್ರ ಹಾಕಿದಿರಿ ಅಂಜಿನವ್ವ?” ಎಂದು ಕೇಳಿದರು. ಹೇಳಿಬಿಡೋಣ ಎಂದು ನಾಲಿಗೆಯ ತುದಿಗೆ ಬಂತು. ಆದರೆ ಹೊಗಳಿಕೆ ಸಿಹಿಯಾಗಿತ್ತು. “ನಿಮ್ಮ ಮಾತ್ರೆದೇ ಮಂತ್ರ ಸಾಹೇಬ್ರ,” ಎಂದು ನಕ್ಕು ಸುಮ್ಮನಾದಳು.

ಈಗ ಗೋಣೆಪ್ಪನೂ ಅವಳೂ ಬೆಳಗ್ಗೆ ಒಂದೇ ರೈಲಿಗೆ ಹೋಗುವವರು. ಡಬ್ಬಿಯಲ್ಲಿ ಕಂಡಾಗಲೆಲ್ಲ ಮೇಷ್ಟ್ರ ಹಾಗೆ ಹುಬ್ಬು ಗಂಟಿಕ್ಕಿ ಕೇಳುವಳು.

“ಮಾತ್ರೆ ತಗಂಡ್ಯಾ?”

“ಹ್ಞೂಂ ಅಕ್ಕ.”

“ಪಥ್ಯ?”

“ಹ್ಞೂಂ ಅಕ್ಕ.”

ಜನರ ಎದುರು ಹಾಗೆ ಕೇಳುವುದರಲ್ಲಿ ಅವಳಿಗೊಂದು ಗತ್ತು. ಸಂಕ್ರಾಂತಿ ಕಳೆದ ಮೇಲೆ ಆ ‘ಹ್ಞೂಂ’ ಸ್ವಲ್ಪ ಮೆತ್ತಗಾಗಿತ್ತು. ಅವನು ಮುಖ ಕೊಟ್ಟು ಮಾತಾಡುವುದನ್ನು ಬಿಟ್ಟಿದ್ದ. ಅವಳು ಅದನ್ನು ಗಮನಿಸಲಿಲ್ಲ. ಗಮನಿಸಬೇಕಿತ್ತು ಎಂದು ಆಮೇಲೆ ಎಷ್ಟು ಸಲ ಹಣೆ ಚಚ್ಚಿಕೊಂಡಳೋ.

ಯುಗಾದಿ ಕಳೆದು ಬಿಸಿಲು ಏರಿದಾಗ, ರೈಲಿನಲ್ಲಿ ಗೋಣೆಪ್ಪ ವಸ್ತ್ರದೊಳಗೆ ಕೆಮ್ಮಿ ಅದನ್ನು ಗಡಿಬಿಡಿಯಿಂದ ಮಡಚಿದ. ಅಂಜಿನವ್ವ ಕೈ ಹಿಡಿದು ಬಿಡಿಸಿ ನೋಡಿದಳು. ರಕ್ತ. ಅವನು ಮಿಲ್ಲಿಗೆ ಹೋಗಲಿಲ್ಲ. ಅವಳೇ ಜಟಕಾದಲ್ಲಿ ಕೂಡಿಸಿಕೊಂಡು ನೇರ ದವಾಖಾನೆಗೆ ಕರೆದೊಯ್ದಳು. ಡಾಕ್ಟರು ಎಕ್ಸ್‌ರೇ ತೆಗೆಸಿದರು, ಕಫ ನೋಡಿದರು, ಅಲ್ಲೇ ಸೇರಿಸಿಕೊಂಡರು. ಮಾತ್ರೆಯ ಜೊತೆಗೆ ಸೂಜಿ ಶುರುವಾಯಿತು. ಒಂದೂ ನಾಟಲಿಲ್ಲ.

“ಇವನು ನಡುವೆ ಬಿಟ್ಟಿದ್ದಾನೆ. ಬಿಡದಿದ್ದರೆ ಹೀಗಾಗೋದಿಲ್ಲ. ಯಾಕೆ ಬಿಟ್ಟ, ಕೇಳಿ,” ಎಂದರು ಡಾಕ್ಟರು.

ಅಂಜಿನವ್ವ ದವಾಖಾನೆಯ ಜಗಲಿಯಲ್ಲಿ ಕೂತಿದ್ದ ರಂಗವ್ವನನ್ನು ಕೇಳಿದಳು. ರಂಗವ್ವ ಸೆರಗಿನ ತುದಿ ಸುತ್ತುತ್ತ ಒಂದೇ ಉಸಿರಿಗೆ ಹೇಳಿದಳು.

“ಸಂಕ್ರಾಂತಿ ದಿನ ಹೊಳೆಗೆ ಹೋಗಿದ್ವಿ ಅಕ್ಕ. ಮಿಂದು, ಓಣಿಯೋರೆಲ್ಲ ಒಂದೇ ಕಡೆ ಬುತ್ತಿ ಬಿಚ್ಚಿದ್ವಿ. ಅವರ ಪಲ್ಯ ನಮಗ, ನಮ್ಮದು ಅವರಿಗೆ. ದ್ರಾಕ್ಷಾಯಣಮ್ಮ ಕಾಳು ಪಲ್ಯ ಕೊಟ್ರು. ನಾನೇ ಈ ಕೈಯಾಗ ಇವ್ರ ರೊಟ್ಟಿ ಮ್ಯಾಲೆ ಹಾಕಿದೆ. ಎರಡು ತುತ್ತು ತಿಂದ್ರು. ಆಮೇಲೆ ನೋಡಿದ್ರ ಕಾಳಿನ ಜೋಡಿ ಬದನೆಕಾಯಿ ಬೆಂದು ಕರಗೈತೆ.”

“ತಿಂದ್ರೇನಾತು? ಮಾತ್ರೆ ಯಾಕ ಬಿಟ್ಟ?”

“ನೀವೇ ಅಂದಿದ್ರಲ್ರಿ, ತಿರುಗಿ ಬೀಳತೈತೆ, ವಿಷ ಆಕ್ಕೈತೆ ಅಂತ. ಹೊಟ್ಟ್ಯಾಗ ಬದನೆಕಾಯಿ ಸೇರಿದ ಮ್ಯಾಲೆ ಅದರ ಮ್ಯಾಲೆ ಮಾತ್ರೆ ಹಾಕಾಕ ಧೈರ್ಯ ಬರ್ಲಿಲ್ಲ. ಒಂದು ತಿಂಗಳು ಬಿಟ್ಟು ನೋಡಾಣ ಅಂದ್ರು. ಮೈಯಾಗ ಆರಾಮ ಇತ್ತು. ಹಂಗೇ ಬಿಟ್ರು. ನಿಮಗ ಹೇಳಾಕ ಅಂಜಿಕಿ, ನೀವು ರೈಲಿನಾಗ ದಿನಾ ಕೇಳ್ತಿದ್ರಂತೆ. ಮಾತ್ರೆ ತಂದು ತಂದು ಹೊಳ್ಯಾಗ ಬಿಡ್ತಿದ್ರು.”

ಅಂಜಿನವ್ವ ಹೆಗಲಿನ ಖಾಕಿ ಚೀಲ ಇಳಿಸಿ ಪಕ್ಕಕ್ಕಿಟ್ಟಳು. ಒಂದು ಸುಳ್ಳು ಹೇಳುವಾಗ ಅದರ ಕೈಕಾಲು ಎಲ್ಲಿಯವರೆಗೆ ಚಾಚುತ್ತದೆ ಎಂಬುದನ್ನು ಅವಳು ನೋಡಿರಲಿಲ್ಲ. ಪಥ್ಯ ಎಂದರೆ ಬರೀ ಬಿಡುವುದಲ್ಲ, ಮುರಿದರೆ ಮದ್ದೂ ಮುರಿಯುತ್ತದೆ ಎಂಬ ನಂಬಿಕೆಯೂ ಹೌದು. ಅದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೇ ಗಂಡನಿಗೆ ರೊಟ್ಟಿ ಕೊಟ್ಟಿರಲಿಲ್ಲ.

ಆ ಹೊತ್ತಿನಲ್ಲೇ ರಂಗವ್ವನಿಗೆ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಒಳಗೆ ಗಂಡ ಮಲಗಿದ್ದಾನೆ, ಈಗ ಬೇಡ ಎಂದುಕೊಂಡಳು. ಅದು ನೆಪ, ಅವಳಿಗೆ ಹೆದರಿಕೆಯಾಗಿತ್ತು. ಡಾಕ್ಟರಿಗೆ ಮಾತ್ರ ಹೋಗಿ ಎಲ್ಲ ಹೇಳಿದಳು, ಬದನೆಕಾಯಿಯ ಬುಟ್ಟಿ ಕಂಡದ್ದರಿಂದ ಹಿಡಿದು. ಹಿದಾಯತ್ ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

“ಎಷ್ಟು ಮನೆಯಲ್ಲಿ ಹೇಳಿದ್ದೀರಿ?” ಎಂದರು.

“ಭಾಳ ಮನೆಯಾಗ ಸಾಹೇಬ್ರ.”

“ಅಷ್ಟೂ ಮನೆಗೆ ಹೋಗಿ ಅದು ಸುಳ್ಳು ಅಂತ ಹೇಳಿ ಬನ್ನಿ. ಇವತ್ತಿನಿಂದಲೇ ಹೋಗಿ.”

ಹೋದಳು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಕೆಲಸದಷ್ಟು ನಾಚಿಕೆಯದು ಬೇರೊಂದಿಲ್ಲ. ಕೆಲವರು ನಕ್ಕರು, ಕೆಲವರು ಬಾಗಿಲಲ್ಲೇ ನಿಲ್ಲಿಸಿ ಬೈದರು, ಇನ್ನು ಕೆಲವರು ‘ಆಗಲವ್ವ’ ಎಂದು ಕಳಿಸಿ ಪಥ್ಯವನ್ನು ಹಾಗೇ ಇಟ್ಟುಕೊಂಡರು. ಗಂಡನ ಜೊತೆ ದವಾಖಾನೆಯಲ್ಲೇ ಇದ್ದ ರಂಗವ್ವನಿಗೆ ಮಾತ್ರ ಓಣಿಯ ಈ ಸುದ್ದಿ ಮುಟ್ಟಲಿಲ್ಲ. ಮೊದಲಿನ ಬಾಯಿಬಡಕತನ ಅವಳಲ್ಲಿ ಉಳಿಯಲಿಲ್ಲ. ರೈಲಿನಲ್ಲಿ ಯಾರು ಉಗುಳಿದರೂ ಕಿಟಕಿಯಾಚೆ ನೋಡುತ್ತ ಕೂತಿರುತ್ತಿದ್ದಳು.

ಶ್ರಾವಣ ಹುಟ್ಟುವ ಮೊದಲೇ ಗೋಣೆಪ್ಪ ತೀರಿಕೊಂಡ. ಕೊನೆಯವರೆಗೂ ಅವನು ಅಂಜಿನವ್ವನ ಕಣ್ಣು ತಪ್ಪಿಸುತ್ತಿದ್ದ, ಪಥ್ಯ ಮುರಿದವನು ತಾನು ಎಂದು. ತಪ್ಪು ಯಾರದೋ, ನಾಚಿಕೆ ಯಾರಿಗೋ.

ದುಃಖದ ದಿನಗಳು ಕಳೆದ ಮೇಲೆ ಡಾಕ್ಟರು ಮನೆಯವರನ್ನೂ ಪರೀಕ್ಷೆಗೆ ಕರೆಸಿದರು. ರಂಗವ್ವನ ಎದೆ ನಿರಾಳವಾಗಿತ್ತು. ಮಗಳು ಹಂಪವ್ವನ ಎಕ್ಸ್‌ರೇಯಲ್ಲಿ ಕಲೆ ಕಂಡಿತು. ಅಪ್ಪ ಮಾತ್ರೆ ಹಿಡಿಯುವ ಮೊದಲೇ ಹತ್ತಿ ಈಗ ತಲೆಯೆತ್ತಿದ ರೋಗ, ಇದರ ಕ್ರಿಮಿ ಮಾತ್ರೆಗೆ ಪಳಗಿಲ್ಲ, ವರ್ಷ ಬಿಡದೆ ಮಾತ್ರೆ ನುಂಗಿದರೆ ಪೂರ್ತಿ ಗುಣ ಎಂದರು ಡಾಕ್ಟರು. ಆ ಮಾತ್ರೆ ಹಿಡಿದು ಅಂಜಿನವ್ವ ರಂಗವ್ವನ ಮನೆಗೆ ಬಂದಳು. ಇನ್ನು ಮುಚ್ಚಿಡುವ ಹಾಗಿರಲಿಲ್ಲ. ಹುಡುಗಿ ಎಲ್ಲೋ ಯಾರದೋ ಮನೆಯಲ್ಲಿ ಒಂದು ಹೋಳು ತಿಂದರೆ ಮತ್ತೆ ಅದೇ ಕಥೆ.

ಅವಳು ಬಾಯಿ ತೆರೆಯುವ ಮೊದಲೇ ರಂಗವ್ವ ಕೈ ಮುಗಿದಳು.

“ಈ ಸಲ ಪಥ್ಯ ಬಿಗಿಯಾಗಿ ಹೇಳ್ರಿ ಅಕ್ಕ. ಬದನೆಕಾಯಿ ಅಷ್ಟೇ ಅಲ್ಲ, ಇನ್ನೂ ಏನಿದ್ರೂ ಹೇಳ್ರಿ. ನಾನು ಯಾರ ಬುತ್ತಿನೂ ಮುಟ್ಟಲ್ಲ. ನೀರು ಸೈತ ಹೊರಗ ಕುಡಿಸಲ್ಲ.”

“ಪಥ್ಯ ಇಲ್ಲ ರಂಗವ್ವ,” ಎಂದಳು ಅಂಜಿನವ್ವ. “ಯಾವತ್ತೂ ಇರ್ಲಿಲ್ಲ. ನಾನು ಸುಳ್ಳು ಹೇಳಿದ್ದೆ. ನಿನ್ನ ಗಂಡ ಮಾತ್ರೆ ನುಂಗ್ಲಿ ಅಂತ ಹೇಳಿದೆ. ಬದನೆಕಾಯಿ ತಿಂದ್ರ ಏನೂ ಆಗಲ್ಲ. ಗೋಣೆಪ್ಪ ಹೋಗಿದ್ದು ಬದನೆಕಾಯಿಂದ ಅಲ್ಲ, ಮಾತ್ರೆ ಬಿಟ್ಟಿದ್ದಕ್ಕ. ಬಿಡಂಗ ಮಾಡಿದ್ದು ನನ್ನ ಮಾತು. ನಿನ್ನ ಕೈ ತಪ್ಪು ಏನೂ ಇಲ್ಲ.”

ರಂಗವ್ವ ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಅಂಜಿನವ್ವ ಕಾದಳು. ಹೊಡೆದರೆ ಹೊಡೆಸಿಕೊಳ್ಳಲು ತಯಾರಿದ್ದಳು. ರಂಗವ್ವ ಹತ್ತಿರ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು.

“ನನ್ನ ಹೊಟ್ಟೆ ತಣ್ಣಗಾಗ್ಲಿ ಅಂತ ಹಿಂಗಂತೀರಿ. ನಂಗೆ ಗೊತ್ತಾಗಲ್ಲೇನ್ರಿ? ನನ್ನ ಕೈಯಾರೆ ಬಡಿಸಿದ್ದು ನಾನು ಮರೀತೀನೇನು? ಪಥ್ಯ ಇಟ್ಟಾಗ ಎದ್ದು ಕೂತ್ರು, ಮುರಿದ ಮ್ಯಾಲೆ ಹೋದ್ರು. ಇದ್ರಾಗ ಸುಳ್ಳೆಲ್ಲೈತೆ?”

ಅಂಜಿನವ್ವ ಆಣೆ ಮಾಡಿದಳು. ಹರಿಹರೇಶ್ವರನ ಮೇಲೆ, ಸತ್ತ ಗಂಡನ ಮೇಲೆ, ತನ್ನ ಕಣ್ಣಿನ ಮೇಲೆ. ಆಣೆ ಹೆಚ್ಚಿದಷ್ಟೂ ರಂಗವ್ವನ ಕಣ್ಣಲ್ಲಿ ಮರುಕ ಹೆಚ್ಚಿತು. ಪಾಪ, ತನಗಾಗಿ ಈ ಹೆಂಗಸು ಎಷ್ಟು ದೊಡ್ಡ ಆಣೆಯನ್ನು ಸುಳ್ಳಾಗಿ ಮಾಡುತ್ತಿದ್ದಾಳೆ ಎಂಬ ಮರುಕ. ಕೊನೆಗೆ ಅಂಜಿನವ್ವ ಒಂದೇ ಮಾತಿಗೆ ಅವಳನ್ನು ಒಪ್ಪಿಸಿದಳು: ಏನೇ ತಿನ್ನಲಿ ಬಿಡಲಿ, ಬೆಳಗಿನ ರೈಲಿಗೆ ಮೊದಲು ತಾನೇ ಬಂದು ಮಾತ್ರೆ ನುಂಗಿಸಿ ಹೋಗುತ್ತೇನೆ ಎಂದು.

ಅಂದಿನಿಂದ ಮಳೆಯಿರಲಿ ಚಳಿಯಿರಲಿ ಬಂದಳು. ಹಂಪವ್ವನ ಕೆನ್ನೆ ತುಂಬಿಕೊಂಡವು. ವರ್ಷ ಮುಗಿದು ತೆಗೆದ ಎಕ್ಸ್‌ರೇ ನಿರ್ಮಲವಾಗಿತ್ತು. ಹುಡುಗಿಯ ಬಾಯಿಗೆ ಬದನೆಕಾಯಿಯ ಚೂರೂ ಸೋಂಕದಂತೆ ರಂಗವ್ವ ಕಾದಿದ್ದಳು, ಮತ್ತು ಮಗಳು ಉಳಿದದ್ದು ಅದರಿಂದಲೇ ಎಂದು ಅವಳಿಗೆ ಖಾತ್ರಿಯಾಗಿತ್ತು. ಗಂಡನನ್ನು ಕೊಂದದ್ದು ತನ್ನ ಕೈಯೆಂಬುದೂ ಅಷ್ಟೇ ಖಾತ್ರಿಯಾಯಿತು.

ಕೊನೆಯ ಮಾತ್ರೆ ಕೊಡಲು ಬಂದ ಬೆಳಗ್ಗೆ ಅಂಜಿನವ್ವ ಇನ್ನೂ ಹೊಸ್ತಿಲ ಹೊರಗಿದ್ದಳು. ಒಳಗೆ ರಂಗವ್ವ ದ್ರಾಕ್ಷಾಯಣಮ್ಮನಿಗೆ ಹೇಳುತ್ತಿದ್ದಳು.

“ನನ್ನ ಮನಸ್ಸು ನೋಯಬಾರ್ದು ಅಂತ ತಮ್ಮ ತಲಿಮ್ಯಾಲೆ ತಪ್ಪು ಹೊತ್ಕೊಂಡು ಪಥ್ಯನೇ ಸುಳ್ಳು ಅಂದ್ರು ನೋಡ್ರಿ. ಒಡಹುಟ್ಟಿದೋರು ಸೈತ ಹಂಗೆ ಮಾಡಲ್ಲ. ನನ್ನ ಕೈ ಮಾಡಿದ ಪಾಪ ಗೊತ್ತಿದ್ದೂ ದಿನಾ ನಮ್ಮನಿಗೆ ಬರ್ತಾರ.”

ಅಂಜಿನವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಒಳಗೆ ಹೋಗಿ ಮತ್ತೊಮ್ಮೆ ಹೇಳಬೇಕೆನಿಸಿತು. ಎಷ್ಟು ಸಲ ಹೇಳಿದರೂ ಅದು ತನ್ನ ಒಳ್ಳೆಯತನದ ಲೆಕ್ಕಕ್ಕೇ ಜಮೆಯಾಗುತ್ತದೆ ಎಂದು ಗೊತ್ತಿತ್ತು. ಅಷ್ಟರಲ್ಲಿ ರಂಗವ್ವ ಅವಳನ್ನು ಕಂಡು ಎದ್ದು ಬಂದಳು, “ಬರ್ರಿ ಅಕ್ಕ, ಕೂಡ್ರಿ,” ಎಂದು ಕಂಬಳಿ ಹಾಸಿದಳು. ಆಮೇಲೆ ಬಗ್ಗಿ ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಅಂಜಿನವ್ವ ಬೇಡವೆನ್ನಲಿಲ್ಲ. ಬೇಡವೆಂದರೆ ರಂಗವ್ವ ಅದನ್ನೂ ದೊಡ್ಡತನ ಎನ್ನುತ್ತಿದ್ದಳು.